‘ಮೆಟ್ಟಿಲು’ ಗ್ರಾಮ್ಯ ಪದವಲ್ಲ

‘ಮೆಟ್ಟಿಲು ಆಡುಮಾತಿನ ಅಪಭ್ರಂಶ, ಶುದ್ಧ ಕನ್ನಡದಲ್ಲಿ ಸೋಪಾನ ಎನ್ನಬೇಕು, ಏಣಿ ಎಂದರೂ ಅದೇ ಅರ್ಥ’ ಎಂಬ ಸಂದೇಶವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಮೂರು ಮಾತು, ಮೂರೂ ತಪ್ಪು.

ಮೆಟ್ಟಿಲು ಹುಟ್ಟಿದ್ದು ‘ಮೆಟ್ಟು’ ಎಂಬ ಅಚ್ಚಗನ್ನಡ ಧಾತುವಿನಿಂದ. ಮೆಟ್ಟು ಎಂದರೆ ಕಾಲಿಟ್ಟು ತುಳಿ. ಕಾಲಿಗೆ ಹಾಕುವ ಚಪ್ಪಲಿಯೂ ಮೆಟ್ಟೇ. ಉತ್ತರ ಕನ್ನಡದ ಅಡುಗೆಮನೆಯಲ್ಲಿ ಕಾಲಿನಿಂದ ಅದುಮಿ ಹಿಡಿದು ತರಕಾರಿ ಹೆಚ್ಚುವ ಸಾಧನ ಮೆಟ್ಟುಗತ್ತಿ. ತೆಲುಗಿನಲ್ಲಂತೂ ಮೆಟ್ಟಿಲಿಗೆ ಮೆಟ್ಟು ಎಂದೇ ಹೆಸರು. ಇಷ್ಟು ದೊಡ್ಡ ಬಳಗವಿರುವ ಪದ ಯಾವುದರ ಅಪಭ್ರಂಶವಾದೀತು? ಸಂಸ್ಕೃತದಿಂದ ಬಂದದ್ದು ಸೋಪಾನ. ಪದ ಚೆಂದವೇ, ‘ಯಶಸ್ಸಿನ ಸೋಪಾನ’ ಎನ್ನುವಾಗ ಒಪ್ಪುತ್ತದೆ. ಆದರೆ ‘ಸೋಪಾನ ಒದ್ದೆಯಾಗಿದೆ, ಜೋಪಾನ’ ಎಂದು ಮನೆಯಲ್ಲಿ ಯಾರೂ ಕೂಗುವುದಿಲ್ಲ, ಪ್ರಾಸ ಕೂಡಿದರೂ!

ಏಣಿಯ ಮಾತು ಬೇರೆ. ಅದು ಗೋಡೆಗೋ ಮರಕ್ಕೋ ಒರಗಿಸಿ ಹತ್ತುವಂಥದ್ದು. ಕೆಲಸ ಮುಗಿದ ಮೇಲೆ ಎತ್ತಿಡಬಹುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಎತ್ತಿಡಲಾದೀತೇ?

ಬರವಣಿಗೆಗೆ ಮೆಟ್ಟಿಲು ತಕ್ಕದ್ದಲ್ಲ ಎನ್ನುವವರು ಪತ್ರಿಕೆಗಳನ್ನು ನೋಡಲಿ. ವ್ಯಾಜ್ಯ ಹೂಡಿದವರು ಅಲ್ಲಿ ‘ನ್ಯಾಯಾಲಯದ ಮೆಟ್ಟಿಲೇರುತ್ತಾರೆ’. ನ್ಯಾಯಾಲಯ ನೆಲಮಹಡಿಯಲ್ಲಿದ್ದರೂ ಸರಿ, ಏರಲೇಬೇಕು.

ಅಂದ ಹಾಗೆ, ‘ಹತ್ತು ಮೆಟ್ಟಿಲು’ ಎಂದು ಬರೆದರೆ ವ್ಯಾಕರಣ ಕೆಡುವುದಿಲ್ಲ. ಸಂಖ್ಯೆ ಮುಂದಿರುವಾಗ ‘ಗಳು’ ಕಡ್ಡಾಯವಲ್ಲ.