ಜಿಲ್ಲಾ ಕೇಂದ್ರದಲ್ಲಿ ಬಂಕ್ ಇರಲ್ವಾ?

ಅಮೆರಿಕದ ನೆವಾಡಾ ರಾಜ್ಯದಲ್ಲಿ ಲಾಸ್ ವೇಗಸ್‌ನಿಂದ ರೀನೋಗೆ ಕಾರಲ್ಲಿ ಹೊರಟಿದ್ದೆವು. ಬೀಟಿ ಅನ್ನೋ ಊರು ಬಂದಾಗ ಹೆಂಡತಿ, "ಇಲ್ಲೇ ಪೆಟ್ರೋಲ್ ಹಾಕಿಸ್ರೀ" ಅಂದಳು. ನಾನು ಕೇಳಲಿಲ್ಲ. ನೂರು ಚಿಲ್ಲರೆ ಕಿಲೋಮೀಟರ್ ದಾಟಿದರೆ ಗೋಲ್ಡ್‌ಫೀಲ್ಡ್, ಎಸ್ಮೆರಾಲ್ಡಾ ಕೌಂಟಿಯ ಕೇಂದ್ರ. ನಮ್ಮ ಲೆಕ್ಕದಲ್ಲಿ ಜಿಲ್ಲಾ ಕೇಂದ್ರ ಅಲ್ವಾ? ಬಸ್ ಸ್ಟ್ಯಾಂಡು, ದರ್ಶಿನಿ, ಡಿಸಿ ಆಫೀಸು, ಅದರ ಎದುರಿಗೆ ನಾಲ್ಕು ಜೆರಾಕ್ಸ್ ಅಂಗಡಿ ಇರುವ ಕಡೆ ಒಂದು ಬಂಕ್ ಇಲ್ಲದೆ ಇರುತ್ತಾ?

ಈ 'ಜಿಲ್ಲೆ' ಎರಡು ಕೋಲಾರ ಜಿಲ್ಲೆಗಿಂತ ದೊಡ್ಡದು, ಆದರೆ 2020ರ ಜನಗಣತಿಯಲ್ಲಿ ಸಿಕ್ಕವರು 729 ಮಂದಿ ಅಂತ ನಾನು ಓದಿದ್ದು ಆಮೇಲೆ. ನಮ್ಮ ಕಡೆ ಒಂದು ಮದುವೆ ಊಟಕ್ಕೆ ಇದಕ್ಕಿಂತ ಜಾಸ್ತಿ ಜನ ಬರುತ್ತಾರೆ.

ಊರು ಬಂತು. ಎಪ್ಪತ್ತು ಮೈಲಿ ವೇಗದಲ್ಲಿದ್ದವರನ್ನು ಬೋರ್ಡು ಇಪ್ಪತ್ತೈದಕ್ಕೆ ಇಳಿಸಿತು. ಅಷ್ಟು ನಿಧಾನಕ್ಕೆ ಹೋದರೂ ಬಂಕ್ ಕಾಣಲಿಲ್ಲ. "ಹೋಟೆಲ್ ಇದೆ, ಕಾಫಿನಾದ್ರೂ ಸಿಗುತ್ತೆ" ಅಂತ ಹೆಂಡತಿ ಕೈ ತೋರಿಸಿದಳು. 1908ರ ನಾಲ್ಕಂತಸ್ತಿನ ಕಟ್ಟಡ ಅದು, ಎರಡನೇ ಮಹಾಯುದ್ಧ ಮುಗಿದಾಗಿನಿಂದ ಅಲ್ಲಿ ಯಾರೂ ರೂಮು ತಗೊಂಡಿಲ್ಲವಂತೆ. 1907ರ ಕೋರ್ಟು ಕಟ್ಟಡದಲ್ಲಿ ಈಗಲೂ ಕೆಲಸ ನಡೆಯುತ್ತದೆ, ಆದರೆ ಅವತ್ತು ಭಾನುವಾರ.

ಊರಾಚೆ ಗಣಿ ಮಣ್ಣಿನ ದಿಬ್ಬಗಳು. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಪಕ್ಕ ಅಜ್ಜಿ ಮನೆಯಲ್ಲಿ ಬೆಳೆದವನಿಗೆ ಅದು ನೋಡಿ ಸುಮ್ನೆ ಖುಷಿಯಾಯ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ನಮ್ಮ ಚಿನ್ನದ ಗಣಿಗೆ ಬಂತು, ಅದೇ ವರ್ಷ ಇಲ್ಲಿ ಚಿನ್ನ ಸಿಕ್ಕಿತು, ಮುಂದೆ ಇಪ್ಪತ್ತು ಸಾವಿರದಷ್ಟು ಜನ ಸೇರಿ ನೆವಾಡಾದಲ್ಲೇ ದೊಡ್ಡ ಊರಾಯ್ತು, ಅದಿರು ಕಮ್ಮಿಯಾಯ್ತು, 1913ರಲ್ಲಿ ನೆರೆ, 1923ರಲ್ಲಿ ಬೆಂಕಿ... ನಾನು ಹೇಳ್ತಾನೇ ಇದ್ದೆ. ಹೆಂಡತಿ ಪೆಟ್ರೋಲ್ ಮುಳ್ಳನ್ನೇ ನೋಡುತ್ತಿದ್ದಳು.

ನಾಯಿ ಜೊತೆ ನಡೆಯುತ್ತಿದ್ದ ಅಜ್ಜರೊಬ್ಬರು "ಟೋನೊಪಾ, ಇಪ್ಪತ್ತೇಳು ಮೈಲಿ" ಅಂದರು. ಎಸಿ ಆಫ್ ಮಾಡಿದೆ. ಇಳಿಜಾರು ಬಂದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. 1906ರಲ್ಲಿ ಜೋ ಗ್ಯಾನ್ಸ್, ಬ್ಯಾಟ್ಲಿಂಗ್ ನೆಲ್ಸನ್ ಇಬ್ಬರೂ ಗೋಲ್ಡ್‌ಫೀಲ್ಡ್‌ನಲ್ಲಿ ಸುಡು ಬಿಸಿಲಲ್ಲಿ 42 ಸುತ್ತು ಬಾಕ್ಸಿಂಗ್ ಆಡಿದ್ದರು. ನಮ್ಮದು 43 ಕಿಲೋಮೀಟರ್ ನಡೆಯಿತು, ಒಂದೂ ಮಾತಿಲ್ಲದೆ.

ಟೋನೊಪಾದಲ್ಲಿ ಬಂಕ್ ಸಿಕ್ಕಿತು. ಅದು ಪಕ್ಕದ ನೈ ಕೌಂಟಿಯ ಕೇಂದ್ರ ಅಂತಲೂ ಗೊತ್ತಾಯ್ತು.

"ನೋಡು, ಜಿಲ್ಲಾ ಕೇಂದ್ರದಲ್ಲಿ ಬಂಕ್ ಇದ್ದೇ ಇರುತ್ತೆ ಅಂದಿರಲಿಲ್ವಾ?" ಅಂದೆ.

ಅವಳು ಉತ್ತರ ಕೊಡದೆ ಹೋಗಿ ಡ್ರೈವರ್ ಸೀಟಲ್ಲಿ ಕೂತಳು.