ಉತ್ತರ ಗೊತ್ತಿದ್ದರೂ ಬಾಯಿ ಬಿಡದ ನಮ್ಮ ಹುಡುಗರು

ಹೋದ ಶನಿವಾರ ದಾವಣಗೆರೆಗೆ ಬಂದಿದ್ದೆ. ರಾತ್ರಿ ಊಟ ಮುಗಿಸಿ ಕೂತಿದ್ದಾಗ ಹಿಂದಿನ ಬೀದಿಯ ಹುಡುಗಿ ಬಂದಳು. ಇಲ್ಲೇ ಇಂಜಿನಿಯರಿಂಗ್ ಮುಗಿಸಿದವಳು. ಹಿಂದಿನ ದಿನ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಇಂಟರ್‌ವ್ಯೂ ಇತ್ತು. "ಅಕ್ಕಾ, ಲೆಕ್ಕ ನಂಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಯೋಚನೆ ಮಾಡ್ತಾ ಕೂತೆ. ಅವರು ಟೈಮ್ ಆಯ್ತು ಅಂದುಬಿಟ್ರು" ಅಂದಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿಬಂತು.

ನನಗೂ ಹೀಗೇ ಆಗಿತ್ತು. ನಾಲ್ಕು ಸುತ್ತು ಮುಗಿಸಿದ್ದೆ, ಒಂದು ತಿಂಗಳು ಕಾದೆ, ಕೊನೆಗೆ ಎರಡು ಸಾಲಿನ ಮೇಲ್ ಬಂತು. ಯಾಕೆ ಬೇಡ ಅಂದರು ಅಂತ ಅದರಲ್ಲಿ ಒಂದು ಪದವೂ ಇರಲಿಲ್ಲ. ಈಗ ನಾನೇ ಇಂಟರ್‌ವ್ಯೂ ತಗೊಳ್ಳುವ ಕಡೆ ಕೂರುತ್ತೇನೆ. ಅಲ್ಲಿ ಕೂತ ಮೇಲೆ ನಾನು ಎಡವಿದ್ದು ಎಲ್ಲಿ ಅಂತ ತಿಳಿಯಿತು.

ಗೂಗಲ್‌ನಂಥ ಕಂಪನಿಗಳಲ್ಲಿ ಒಂದೊಂದು ಸುತ್ತು ಸಾಮಾನ್ಯವಾಗಿ 45 ನಿಮಿಷ. ಕೋಡ್ ಬರೆಯೋಕೆ ಬಹಳ ಸಲ ಕೊಡುವುದು ಬರೀ ಖಾಲಿ ಪುಟ. ರನ್ ಮಾಡಿ ನೋಡುವ ಹಾಗಿರುವುದಿಲ್ಲ. ಎದುರು ಕೂತವರು ನೀವು ಮಾತಾಡಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. ಗೂಗಲ್‌ನಲ್ಲಿ ಕೆಲಸ ಕೊಡಬೇಕೋ ಬೇಡವೋ ಅನ್ನುವುದು ಅವರೊಬ್ಬರ ಕೈಯಲ್ಲಿಲ್ಲ. ನಿಮ್ಮನ್ನು ನೋಡಿಯೇ ಇರದ ಒಂದು ಸಮಿತಿ ಆ ಟಿಪ್ಪಣಿ ಓದುತ್ತದೆ. ಹತ್ತು ನಿಮಿಷ ನೀವು ಸುಮ್ಮನೆ ಕೂತರೆ ಆ ಹತ್ತು ನಿಮಿಷಕ್ಕೆ ಬರೆಯೋಕೆ ಏನೂ ಇರುವುದಿಲ್ಲ. ತಲೆಯಲ್ಲಿ ಎಷ್ಟು ಒಳ್ಳೆಯ ಯೋಚನೆ ಓಡಿದ್ದರೂ ಅಷ್ಟೇ.

ನಮಗೆ ಚಿಕ್ಕಂದಿನಿಂದ ಕಲಿಸಿದ್ದು ಇದರ ಉಲ್ಟಾ. "ಗೊತ್ತಿದ್ರೆ ಎದ್ದು ನಿಂತು ಹೇಳು, ಇಲ್ಲಾಂದ್ರೆ ಸುಮ್ನೆ ಕೂತ್ಕೋ." ಹೈಸ್ಕೂಲಿನಲ್ಲೂ ಅದೇ, ಇಂಜಿನಿಯರಿಂಗ್ ವೈವಾದಲ್ಲೂ (ಬಾಯಿ ಪರೀಕ್ಷೆ) ಅದೇ. ಅರ್ಧ ಉತ್ತರ ಹೇಳಿದರೆ ಕ್ಲಾಸ್ ಎಲ್ಲ ನಗುತ್ತಿತ್ತು. ಹಾಗೆ ಬೆಳೆದ ಹುಡುಗಿ ಇಂಟರ್‌ವ್ಯೂನಲ್ಲಿ ಪೂರ್ತಿ ಉತ್ತರ ಸಿಗುವವರೆಗೆ ಬಾಯಿ ಬಿಡುವುದಾದರೂ ಹೇಗೆ?

ಒಂದು ಸಣ್ಣ ಪ್ರಶ್ನೆ ತಗೊಳ್ಳಿ. ಒಂದಷ್ಟು ಸಂಖ್ಯೆಗಳಿವೆ. ಕೂಡಿದರೆ 100 ಆಗುವ ಎರಡನ್ನು ಹುಡುಕಬೇಕು. ಮೊದಲು ಹೊಳೆಯುವುದು ಪ್ರತಿಯೊಂದನ್ನೂ ಉಳಿದ ಎಲ್ಲದರ ಜೊತೆ ಕೂಡಿ ನೋಡುವುದು. ಒಂದು ಲಕ್ಷ ಸಂಖ್ಯೆ ಇದ್ದರೆ ಹತ್ತಿರ ಹತ್ತಿರ 500 ಕೋಟಿ ಜೋಡಿ ಆಗುತ್ತೆ. ಇದು ನಿಧಾನ ಅಂತ ಗೊತ್ತಿದ್ದಕ್ಕೇ ನಮ್ಮ ಹುಡುಗರು ಅದನ್ನು ಹೇಳುವುದಿಲ್ಲ. ಹೇಳಬೇಕು! "ಹೀಗೆ ಮಾಡಬಹುದು, ಆದರೆ ನಿಧಾನ ಆಗುತ್ತೆ" ಅಂದ ತಕ್ಷಣ ಎದುರಿನವರಿಗೆ ಎರಡು ವಿಷಯ ಸಿಕ್ಕಿತು. ನಿಮಗೆ ದಾರಿ ಗೊತ್ತು, ಅದರ ಕೊರತೆಯೂ ಗೊತ್ತು. ಆಮೇಲೆ "ಬಂದ ಸಂಖ್ಯೆಗಳನ್ನೆಲ್ಲ ಬರೆದಿಟ್ಟುಕೊಂಡು, 37 ಬಂದಾಗ 63 ಈ ಮೊದಲೇ ಬಂದಿದೆಯಾ ಅಂತ ನೋಡಿದರೆ ಸಾಕಲ್ವಾ?" ಅನ್ನುವ ಕಡೆ ಹೋಗಬಹುದು. ಒಂದೇ ಸಲ ಪಟ್ಟಿ ಓದಿದರೆ ಮುಗಿಯಿತು. ನಡುವೆ ನಿಂತುಬಿಟ್ಟರೆ ಸುಳಿವು ಕೊಡೋಕೂ ನಾವು ಸಿದ್ಧ ಇರುತ್ತೇವೆ. ಆದರೆ ಎಲ್ಲಿ ನಿಂತಿದ್ದೀರಿ ಅಂತ ನೀವು ಹೇಳಬೇಕಷ್ಟೆ.

ಇಂಗ್ಲಿಷ್ ಭಯ ಬೇರೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಲೆಕ್ಕ ಮಾಡುವುದು, ಮಾತಾಡುವುದು, ಅದೂ ಇಂಗ್ಲಿಷಿನಲ್ಲಿ, ಮೂರೂ ಒಟ್ಟಿಗೆ ಬಂದರೆ ಕಷ್ಟವೇ. ವ್ಯಾಕರಣ ತಪ್ಪಿದರೆ ನಾನು ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಹಾಗಂತ ಎಲ್ಲ ತಪ್ಪೂ ನಮ್ಮ ಹುಡುಗರದ್ದಲ್ಲ. ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ ಅನ್ನುವಂಥ ಒಗಟು ಕೇಳುವುದು ಶುದ್ಧ ಟೈಮ್ ವೇಸ್ಟ್ ಅಂತ ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಜ್ಲೋ ಬಾಕ್ ಅವರೇ 2013ರಲ್ಲಿ ಒಪ್ಪಿಕೊಂಡರು. ಹೋಮ್‌ಬ್ರೂ ಅನ್ನುವ ಸಾಫ್ಟ್‌ವೇರ್ ಕಟ್ಟಿದ ಮ್ಯಾಕ್ಸ್ ಹೋವೆಲ್ 2015ರಲ್ಲಿ ಟ್ವಿಟರ್‌ನಲ್ಲಿ ಸಿಟ್ಟಿನಿಂದ ಬರೆದಿದ್ದರು. ಗೂಗಲ್‌ನ ಇಂಜಿನಿಯರುಗಳೇ ತನ್ನ ಸಾಫ್ಟ್‌ವೇರ್ ಬಳಸುತ್ತಾರೆ, ಆದರೆ ಬೋರ್ಡಿನ ಮೇಲೆ ಒಂದು ಬೈನರಿ ಟ್ರೀ (ಒಂದೊಂದು ಕಡೆ ಎರಡೆರಡಾಗಿ ಕವಲೊಡೆಯುವ ಮರದಂತೆ ಮಾಹಿತಿ ಜೋಡಿಸುವ ರೀತಿ) ಎಡ-ಬಲ ತಿರುಗಿಸಿ ಬರೆಯಲಿಲ್ಲ ಅಂತ ತನ್ನನ್ನು ಬೇಡ ಅಂದರು ಅಂತ. ಅಂಥವರಿಗೇ ಹಾಗಾದರೆ, ಮೊದಲ ಸಲ ಹೋದ ಇಪ್ಪತ್ತೆರಡು ವರ್ಷದ ಹುಡುಗಿ "ನನಗೇನೂ ಬರಲ್ಲ" ಅಂದುಕೊಳ್ಳುವುದು ಎಷ್ಟು ಸುಲಭ! ಅದು ನನಗೆ ತುಂಬಾ ನೋವು ಕೊಡುತ್ತೆ. ಎಲ್ಲಿ ಕಡಿಮೆಯಾಯಿತು ಅಂತ ಎರಡು ಸಾಲು ಬರೆಯೋಕೆ ಕಂಪನಿಗೆ ಎಷ್ಟು ಹೊತ್ತು ಬೇಕು? ನಾಲ್ಕು ಸುತ್ತು ಕೂರಿಸಿಕೊಂಡವರು ಅಷ್ಟಾದರೂ ಮಾಡಬೇಕು.

ಭಾನುವಾರ ಬೆಳಿಗ್ಗೆ ಅವಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕರೆದೆ. ಬೆಣ್ಣೆ ದೋಸೆ ತಿಂದು ಮಹಡಿ ಮೇಲೆ ಕೂತೆವು. ಮೊಬೈಲಿನಲ್ಲಿ 45 ನಿಮಿಷ ಇಟ್ಟೆ. ಅದೇ 100ರ ಪ್ರಶ್ನೆ. ಒಂದೇ ಷರತ್ತು: ಕನ್ನಡದಲ್ಲೇ ಆಗಲಿ, ತಲೆಯಲ್ಲಿ ಬಂದದ್ದನ್ನೆಲ್ಲ ಜೋರಾಗಿ ಹೇಳಬೇಕು. ಮೊದಲ ಐದು ನಿಮಿಷ ನಾಚಿಕೆಯಲ್ಲೇ ಹೋಯಿತು. ಆಮೇಲೆ ಅವಳು ಬರೆಯುವುದನ್ನು ನಿಲ್ಲಿಸಿ, "ಅಕ್ಕಾ, ಇಲ್ಲಿ ಸಿಕ್ಕಾಕ್ಕೊಂಡೆ. 50 ಒಂದೇ ಸಲ ಇದ್ರೆ ಅದನ್ನೇ ಎರಡು ಸಲ ಕೂಡಬಹುದಾ?" ಅಂದಳು.

ಇಂಟರ್‌ವ್ಯೂ ತಗೊಳ್ಳುವಾಗ ನಾನು ಕಾಯುವುದೇ ಈ ಪ್ರಶ್ನೆಗೆ.

ಮುಂದಿನ ತಿಂಗಳ ಎರಡನೇ ಭಾನುವಾರ ಮತ್ತೆ ಬರುತ್ತೇನೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯವರು ಬರೋದಿದ್ದರೆ ಮೆಸೇಜ್ ಮಾಡಿ. ಬೆಂಗಳೂರಿನಲ್ಲಿ ಇಂಟರ್‌ವ್ಯೂ ತಗೊಳ್ಳುವ ನಮ್ಮೂರಿನವರೂ ಒಬ್ಬಿಬ್ಬರು ಬನ್ನಿ. ಮಹಡಿಯಲ್ಲಿ ಜಾಗ ಇದೆ.