ಬಡ ವಿದ್ಯಾರ್ಥಿಯೆಂಬ ಹಳೆಯ ಬಾಬ್ತು

ಮುಂಬಯಿ ಸಮೀಪದ ಡೊಂಬಿವಲಿಯ ನಮ್ಮ ಪುಟ್ಟ ವಿದ್ಯಾರ್ಥಿ ಸಹಾಯಕ ಪ್ರತಿಷ್ಠಾನದ ಮೂವತ್ತನೆಯ ವರ್ಷದ ಮಹಾಸಭೆಯಲ್ಲಿ ಗೌರವ ಕೋಶಾಧಿಕಾರಿಗಳು ಓದಿದ ಜಮಾಖರ್ಚನ್ನು ಕೇಳಿದ ಮೇಲೆ, ದಾನ ಮಾಡುವುದಕ್ಕಿಂತ ದಾನ ಮಾಡುವ ಅರ್ಹತೆಯನ್ನು ಉಳಿಸಿಕೊಳ್ಳುವುದೇ ದೊಡ್ಡ ಪುಣ್ಯಕಾರ್ಯವೆಂದು ನನಗೆ ಮನವರಿಕೆಯಾಯಿತು.

1995ರಲ್ಲಿ ಹೋಟೆಲು ಮಾಲೀಕರೂ ಬ್ಯಾಂಕು ನೌಕರರೂ ಕೂಡಿಸಿದ ಒಂದು ಲಕ್ಷ ರೂಪಾಯಿಯ ಮೂಲಧನಕ್ಕೆ ಶೇ. 12ರ ಬಡ್ಡಿ ಬರುತ್ತಿತ್ತು. ರಾತ್ರಿಶಾಲೆಯ ಹನ್ನೆರಡು ಮಕ್ಕಳಿಗೆ ತಲಾ ಸಾವಿರ ಹಂಚಿ, ಒಂದೊಂದು ಲೋಟ ಕಾಫಿ ಕುಡಿದರೆ ವರ್ಷದ ಕೆಲಸ ಮುಗಿಯುತ್ತಿತ್ತು. ಈಗ ಅದೇ ಲಕ್ಷಕ್ಕೆ ಬರುವುದು 6,500 ರೂಪಾಯಿ. ಮೂಲಧನವನ್ನು ಯಾರೂ ಮುಟ್ಟಬಾರದೆಂಬುದು ಸ್ಥಾಪಕರ ಕಟ್ಟಪ್ಪಣೆ. ನಾವಂತೂ ಮುಟ್ಟಲಿಲ್ಲ, ಬೆಲೆಯೇರಿಕೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಮುಟ್ಟಿತು.

ಇನ್ನು ಕಾಗದಪತ್ರದ ಸೇವೆ. ವಿಶ್ವಸ್ತರೊಬ್ಬರು ತೀರಿಕೊಂಡರೆ, ಮಹಾರಾಷ್ಟ್ರದ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಯಂತೆ 90 ದಿನಗಳೊಳಗೆ, ಇಂಥ ಸಂಸ್ಥೆಗಳ ಮೇಲ್ವಿಚಾರಣೆ ನೋಡುವ ಚ್ಯಾರಿಟಿ ಕಮಿಷನರ ಕಚೇರಿಗೆ ಬದಲಾವಣೆಯ ವರದಿ ಸಲ್ಲಿಸಬೇಕು. ನಮ್ಮವರೆಲ್ಲ ಎಪ್ಪತ್ತು ದಾಟಿರುವುದರಿಂದ ಇದು ಬಿಡುವಿಲ್ಲದ ಉದ್ಯೋಗ. ಒಮ್ಮೆ ಪಡೆದರೆ ಶಾಶ್ವತವಾಗಿದ್ದ ಆದಾಯ ತೆರಿಗೆ ವಿನಾಯಿತಿಯ ನೋಂದಣಿಗೆ 2021ರಲ್ಲಿ ಐದು ವರ್ಷದ ಆಯುಸ್ಸು ನಿಗದಿಯಾಯಿತು. ದಾನಿಗಳ ವಿವರವನ್ನು ಮೇ 31ರೊಳಗೆ ತೆರಿಗೆ ಇಲಾಖೆಯ ನಮೂನೆಯಲ್ಲಿ ತುಂಬದಿದ್ದರೆ ದಿನಕ್ಕೆ 200 ರೂಪಾಯಿ ವಿಳಂಬ ಶುಲ್ಕ. ಮುಂಬಯಿ ಕನ್ನಡಿಗನನ್ನು ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಹುಡುಕುವುದೆಂದರೇನೆಂದು ಕಾಯ್ದೆ ಬರೆದವರಿಗೆ ಗೊತ್ತಿರಲಾರದು. ನಮ್ಮ ಕೋಶಾಧಿಕಾರಿಗಳು ಊರಿನಲ್ಲಿ ಮದುವೆ, ಭೂತಕೋಲ, ಹಲಸಿನ ಹಣ್ಣುಗಳನ್ನು ಮುಗಿಸಿ ಮರಳುವಷ್ಟರಲ್ಲಿ ಗಡುವು ದಾಟಿ ಮೂವತ್ತು ದಿನ ಕಳೆದಿತ್ತು. ಅಂದರೆ 6,000 ರೂಪಾಯಿ. ವರ್ಷದ ಬಡ್ಡಿಯಲ್ಲಿ ಉಳಿದ ಐನೂರನ್ನು, ಇಷ್ಟಾದರೂ ನಮೂನೆ ತುಂಬಿದ್ದಕ್ಕಾಗಿ ಅವರಿಗೇ ಹೊದಿಸಿದ ಶಾಲು ನುಂಗಿತು. ಮೂಗಿಗಿಂತ ಮೂಗುತಿ ಭಾರವಾದದ್ದು ಹೌದು, ಆದರೆ ಮೂಗುತಿಗೆ ನೋಂದಣಿ ಸಂಖ್ಯೆಯಿದೆ.

ವಿದ್ಯಾರ್ಥಿವೇತನದ ಗತಿಯೇನೆಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಅಧ್ಯಕ್ಷರು ಲೆಕ್ಕಪರಿಶೋಧಕರತ್ತ ಕೈತೋರಿಸಿದರು. ಮೊದಲ ವರ್ಷ ಸಾವಿರ ರೂಪಾಯಿ ಪಡೆದ ರಾತ್ರಿಶಾಲೆಯ ಹುಡುಗ ಇವರೇ, ಈಗ ಶೇ. 18ರ ಜಿಎಸ್‌ಟಿ ಸೇರಿಸಿ ನಮಗೆ ಬಿಲ್ಲು ಕಳಿಸುತ್ತಾರೆ, ಅದನ್ನು ಅಧ್ಯಕ್ಷರು ತಮ್ಮ ಕಿಸೆಯಿಂದ ತೀರಿಸುತ್ತಾರೆ. ಹಾಗಿರುವಾಗ ಅವರ ಶುಲ್ಕವನ್ನೇ ವಿದ್ಯಾರ್ಥಿವೇತನದ ಬಾಬ್ತಿನಲ್ಲಿ ತೋರಿಸಬಹುದೇ ಎಂದು ಸಭೆ ಅವರ ಅಭಿಪ್ರಾಯ ಕೇಳಿತು. ಅಭಿಪ್ರಾಯಕ್ಕೆ ಶುಲ್ಕ ಪ್ರತ್ಯೇಕವಂತೆ.